ತಲೆಬುರುಡೆ ಬಿರಿದರೂ ಬದುಕಿ ಬಂದ ಏಸ್ ಬೈಲಿ: ಹಾಕಿ ಲೋಕ ಇನ್ನೂ ಉತ್ತರಿಸದ ಪ್ರಶ್ನೆ

ಮೈದಾನದಲ್ಲಿ ಒಬ್ಬ ಆಟಗಾರ ಇನ್ನೊಬ್ಬನ ತಲೆಗೆ ಪೆಟ್ಟು ಮಾಡಿದರೆ ಶಿಕ್ಷೆ ಎಷ್ಟಿರಬೇಕು? ಮಾಡಿದ ತಪ್ಪನ್ನು ನೋಡಿ ನಿರ್ಧರಿಸಬೇಕೋ, ಪೆಟ್ಟು ತಿಂದವನಿಗೆ ಆದ ಗತಿಯನ್ನು ನೋಡಿಯೋ? ಉತ್ತರ ಅಮೆರಿಕದ ನ್ಯಾಷನಲ್ ಹಾಕಿ ಲೀಗ್ (ಎನ್‌ಎಚ್‌ಎಲ್) ಈ ಪ್ರಶ್ನೆಯನ್ನು ದೊಡ್ಡದಾಗಿ ಎದುರಿಸಿದ್ದು 1933ರಲ್ಲಿ. ಅಂದು ನೆಲಕ್ಕುರುಳಿದವರು ಕೆನಡಾದ ಆಟಗಾರ ಏಸ್ ಬೈಲಿ.

ಇದು ನಮ್ಮ ಧ್ಯಾನ್‌ಚಂದ್ ಆಡಿದ ಹಾಕಿಯಲ್ಲ. ಮಂಜುಗಡ್ಡೆಯ ಅಂಗಳದಲ್ಲಿ, ಕಾಲಿಗೆ ಸ್ಕೇಟ್ ಕಟ್ಟಿಕೊಂಡು, ಪಕ್ ಎಂಬ ಗಟ್ಟಿ ರಬ್ಬರ್ ಬಿಲ್ಲೆಯನ್ನು ಅಟ್ಟಿಸಿಕೊಂಡು ಆಡುವ ಐಸ್ ಹಾಕಿ. ಎದುರಾಳಿಗೆ ಮೈಯಿಂದ ಡಿಕ್ಕಿ ಹೊಡೆಯುವುದಕ್ಕೂ ಇಲ್ಲಿ ನಿಯಮದಲ್ಲೇ ಅವಕಾಶವಿದೆ. ಯಾವ ಡಿಕ್ಕಿ ಆಟ, ಯಾವುದು ಅಪರಾಧ ಎಂಬ ಗೆರೆ ಬಹಳ ತೆಳು.

ಗೋಲುಗಳ ಸರದಾರ

ಬೈಲಿ ಹುಟ್ಟಿದ್ದು 1903ರ ಜುಲೈ 3ರಂದು, ಕೆನಡಾದ ಒಂಟಾರಿಯೊ ಪ್ರಾಂತ್ಯದ ಬ್ರೇಸ್‌ಬ್ರಿಜ್‌ನಲ್ಲಿ. ನಿಜವಾದ ಹೆಸರು ಅರ್ವಿನ್ ವ್ಯಾಲೇಸ್ ಬೈಲಿ. 1926ರಲ್ಲಿ ಅವರು ಟೊರೊಂಟೊ ತಂಡ ಸೇರಿದರು. ಕೆಲವೇ ತಿಂಗಳಲ್ಲಿ ಆ ತಂಡದ ಹೆಸರು ಟೊರೊಂಟೊ ಮೇಪಲ್ ಲೀಫ್ಸ್ ಎಂದು ಬದಲಾಯಿತು. 1928-29ರ ಋತುವಿನಲ್ಲಿ 22 ಗೋಲು ಹೊಡೆದ ಬೈಲಿ, ಗೋಲು ಮತ್ತು ಅಂಕ ಎರಡರಲ್ಲೂ ಇಡೀ ಲೀಗ್‌ಗೆ ಮೊದಲಿಗರಾದರು. 1932ರಲ್ಲಿ ಸ್ಟಾನ್ಲಿ ಕಪ್ ಗೆದ್ದ ತಂಡದಲ್ಲೂ ಅವರಿದ್ದರು.

ಬೋಸ್ಟನ್‌ನ ಆ ರಾತ್ರಿ

1933ರ ಡಿಸೆಂಬರ್ 12. ಬೋಸ್ಟನ್ ಗಾರ್ಡನ್‌ನಲ್ಲಿ ಬೋಸ್ಟನ್ ಬ್ರೂಯಿನ್ಸ್ ವಿರುದ್ಧ ಪಂದ್ಯ. ಟೊರೊಂಟೊ ಆಟಗಾರರೊಬ್ಬರ ತಡೆಗೆ ಸಿಕ್ಕಿ ಬಿದ್ದ ಬೋಸ್ಟನ್‌ನ ಎಡ್ಡಿ ಶೋರ್ ಎದ್ದು ಬಂದು, ಬೆನ್ನು ತಿರುಗಿಸಿದ್ದ ಬೈಲಿಗೆ ಹಿಂದಿನಿಂದ ಡಿಕ್ಕಿ ಹೊಡೆದರು. ತನ್ನನ್ನು ಕೆಡವಿದ್ದು ಬೈಲಿಯೇ ಎಂದು ಶೋರ್ ತಪ್ಪು ತಿಳಿದಿದ್ದರು ಎನ್ನುವವರೂ ಇದ್ದಾರೆ. ಬೈಲಿಯ ತಲೆ ನೇರವಾಗಿ ಮಂಜುಗಡ್ಡೆಗೆ ಬಡಿಯಿತು. ಆ ಕಾಲದಲ್ಲಿ ಹೆಲ್ಮೆಟ್ ಧರಿಸುವವರೇ ಅಪರೂಪ.

ಇದನ್ನು ಕಂಡ ಟೊರೊಂಟೊದ ರೆಡ್ ಹಾರ್ನರ್ ಒಂದೇ ಗುದ್ದಿಗೆ ಶೋರ್ ಅವರನ್ನು ಪ್ರಜ್ಞೆ ತಪ್ಪಿಸಿದರು. ಒಂದೇ ಅಂಗಳದಲ್ಲಿ ಇಬ್ಬರು ಎಚ್ಚರವಿಲ್ಲದೆ ಬಿದ್ದಿದ್ದರು.

ಬೈಲಿಯ ತಲೆಬುರುಡೆ ಬಿರಿದಿತ್ತು. ಬೋಸ್ಟನ್‌ನ ವೈದ್ಯರು ಎರಡು ಬಾರಿ ಶಸ್ತ್ರಚಿಕಿತ್ಸೆ ಮಾಡಿದರು. ಬದುಕುವ ಆಸೆಯನ್ನು ಹಲವರು ಬಿಟ್ಟಿದ್ದರು. ಅವರು ಸತ್ತರೆ ಶೋರ್ ಮೇಲೆ ನರಹತ್ಯೆಯ ಮೊಕದ್ದಮೆ ಹೂಡುವ ಮಾತೂ ಕೇಳಿಬಂದಿತ್ತು. ಬೈಲಿ ಉಳಿದುಕೊಂಡರು. ಆದರೆ ಮತ್ತೆಂದೂ ಲೀಗ್‌ನಲ್ಲಿ ಆಡಲಿಲ್ಲ. ಆಗ ಅವರಿಗೆ ಬರೀ 30 ವರ್ಷ.

ಒಬ್ಬರಿಗೆ 16 ಪಂದ್ಯ, ಇನ್ನೊಬ್ಬರಿಗೆ ಇಡೀ ಆಟ

ಲೀಗ್ ಅಧ್ಯಕ್ಷ ಫ್ರಾಂಕ್ ಕಾಲ್ಡರ್, ಶೋರ್ ಅವರನ್ನು 16 ಪಂದ್ಯಗಳಿಗೆ ಅಮಾನತು ಮಾಡಿದರು. 48 ಪಂದ್ಯಗಳ ಋತುವಿನಲ್ಲಿ ಅದು ಮೂರನೇ ಒಂದು ಭಾಗ. ಹಾರ್ನರ್ ಅವರ ಅಮಾನತು 1934ರ ಜನವರಿ 1ರ ತನಕ ಮಾತ್ರ. ಅಮಾನತು ಮುಗಿಸಿ ಮರಳಿದ ಶೋರ್, ಮುಂದೆ ಮತ್ತೆ ಮೂರು ಬಾರಿ ಲೀಗ್‌ನ ಅತ್ಯಮೂಲ್ಯ ಆಟಗಾರನಿಗೆ ಕೊಡುವ ಹಾರ್ಟ್ ಟ್ರೋಫಿ ಗೆದ್ದರು. ಆದರೆ ಇನ್ನುಳಿದ ಆಟದ ಬದುಕಿನುದ್ದಕ್ಕೂ ತಲೆಗೆ ಹೆಲ್ಮೆಟ್ ಹಾಕಿಕೊಂಡೇ ಆಡಿದರು.

ಬೈಲಿಯ ನೆರವಿಗಾಗಿ 1934ರ ಫೆಬ್ರವರಿ 14ರಂದು ಟೊರೊಂಟೊದಲ್ಲಿ ಮೇಪಲ್ ಲೀಫ್ಸ್ ಮತ್ತು ಉಳಿದ ತಂಡಗಳ ತಾರೆಯರ ನಡುವೆ ಪಂದ್ಯ ನಡೆಯಿತು. ತಾರೆಯರ ಸಾಲಿನಲ್ಲಿ ಶೋರ್ ಕೂಡ ಇದ್ದರು. ಬೈಲಿ ಅವರ ಕೈಕುಲುಕಿದಾಗ ಕ್ರೀಡಾಂಗಣ ಚಪ್ಪಾಳೆಯಿಂದ ತುಂಬಿಹೋಯಿತು. ಟೊರೊಂಟೊ 7-3ರಿಂದ ಗೆದ್ದಿತು. ಬೈಲಿ ತೊಡುತ್ತಿದ್ದ 6ನೇ ಸಂಖ್ಯೆಯ ಜೆರ್ಸಿಯನ್ನು ಬೇರಾರಿಗೂ ಕೊಡುವುದಿಲ್ಲ ಎಂದು ತಂಡ ಘೋಷಿಸಿತು. ಎನ್‌ಎಚ್‌ಎಲ್‌ನಲ್ಲಿ ಅಂಥ ಗೌರವ ಪಡೆದ ಮೊದಲಿಗರು ಅವರೇ.

ಬೈಲಿ ಕ್ಷಮಿಸಿದರು, ಜನ ಕಣ್ಣೊರೆಸಿಕೊಂಡರು. ಆದರೆ ತಲೆಗೆ ಬೀಳುವ ಪೆಟ್ಟಿಗೆ ಇಂತಿಷ್ಟೇ ಶಿಕ್ಷೆ ಎಂಬ ಅಳತೆ ಮಾತ್ರ ಹುಟ್ಟಲಿಲ್ಲ. ಹೆಲ್ಮೆಟ್ ಕೂಡ ಕಡ್ಡಾಯವಾಗಲಿಲ್ಲ. 1968ರ ಜನವರಿಯಲ್ಲಿ ಮಿನೆಸೋಟ ತಂಡದ ಬಿಲ್ ಮಾಸ್ಟರ್‌ಟನ್ ಹೆಲ್ಮೆಟ್ ಇಲ್ಲದೆ ಆಡುತ್ತಾ ಹಿಮ್ಮುಖವಾಗಿ ಬಿದ್ದು, ಎರಡು ದಿನದ ಬಳಿಕ ಪ್ರಾಣಬಿಟ್ಟರು. ಆ ಮೇಲೂ ಹೊಸ ಆಟಗಾರರಿಗೆ ಹೆಲ್ಮೆಟ್ ಕಡ್ಡಾಯವಾಗಿದ್ದು 1979ರಲ್ಲಿ.

ಶಿಕ್ಷೆಯ ಗೊಂದಲ ಅದಕ್ಕಿಂತಲೂ ದೀರ್ಘಕಾಲ ಉಳಿಯಿತು. 2004ರಲ್ಲಿ ಟಾಡ್ ಬರ್ಟುಜಿ ಹಿಂದಿನಿಂದ ಗುದ್ದಿದ ಬಳಿಕ ಸ್ಟೀವ್ ಮೂರ್ ಮತ್ತೆ ಎನ್‌ಎಚ್‌ಎಲ್‌ನಲ್ಲಿ ಆಡಲಾಗಲಿಲ್ಲ. ಬರ್ಟುಜಿ ಅಮಾನತು ಮುಗಿಸಿ ಮರಳಿದರು. 2010ರ ಮಾರ್ಚ್‌ನಲ್ಲಿ ಮ್ಯಾಟ್ ಕುಕ್ ಡಿಕ್ಕಿಗೆ ಬೋಸ್ಟನ್‌ನ ಮಾರ್ಕ್ ಸವಾರ್ಡ್ ತಲೆಗೆ ತೀವ್ರ ಪೆಟ್ಟಾಯಿತು. ಕುಕ್‌ಗೆ ಒಂದು ಪಂದ್ಯದ ಅಮಾನತೂ ಆಗಲಿಲ್ಲ. ಅದಾದ ಮೇಲೆಯೇ, ಪಕ್ಕದಿಂದ ಅರಿವಿಲ್ಲದಂತೆ ಬಂದು ತಲೆಗೆ ಗುರಿಯಿಟ್ಟು ಹೊಡೆಯುವುದನ್ನು ನಿಷೇಧಿಸುವ ಪ್ರತ್ಯೇಕ ನಿಯಮ ಬಂದಿದ್ದು. ಬೈಲಿ ಬಿದ್ದು ಆಗಲೇ 76 ವರ್ಷ ಕಳೆದಿತ್ತು.

ಅಂಗಳದಂಚಿನ ಗಡಿಯಾರ

ಬೈಲಿ ಆಟವನ್ನು ಬಿಟ್ಟು ದೂರ ಹೋಗಲಿಲ್ಲ. ಟೊರೊಂಟೊ ವಿಶ್ವವಿದ್ಯಾಲಯದ ತಂಡಕ್ಕೆ ತರಬೇತುದಾರರಾದರು. ಮೇಪಲ್ ಲೀಫ್ ಗಾರ್ಡನ್ಸ್‌ನಲ್ಲಿ ಸಮಯಪಾಲಕರಾಗಿ 1984ರವರೆಗೂ ದುಡಿದರು. 1975ರಲ್ಲಿ ಹಾಕಿ ಹಾಲ್ ಆಫ್ ಫೇಮ್ ಸೇರಿದರು. 1992ರ ಏಪ್ರಿಲ್ 7ರಂದು, 88ನೇ ವಯಸ್ಸಿನಲ್ಲಿ ತೀರಿಕೊಂಡರು.

ಯಾರಿಗೂ ಕೊಡಬಾರದೆಂದು ತೆಗೆದಿಟ್ಟಿದ್ದ 6ನೇ ಸಂಖ್ಯೆಯನ್ನು 1968ರಲ್ಲಿ ಅವರೇ ಕೇಳಿ ಒಬ್ಬ ಆಟಗಾರನಿಗೆ ಕೊಡಿಸಿದ್ದರು. ಆತ ರಾನ್ ಎಲ್ಲಿಸ್. ಬೈಲಿಗೆ ಆತನಲ್ಲಿ ಮೆಚ್ಚುಗೆಯಾಗಿದ್ದು ಒಂದೇ ಗುಣ: ಎದುರಾಳಿಗೆ ಕೇಡು ಬಗೆಯದ ಶುದ್ಧ ಆಟ.