ಪಟ್ಟಿ ಇಟ್ಟ ಮನುಷ್ಯ: ಜಾನ್ ಪೋಸ್ಟೆಲ್

ಹೋದ ತಿಂಗಳು ಒಂದು ದಿನ ನಮ್ಮ ಲ್ಯಾಬಿನಲ್ಲಿ ಯಾವ ವೆಬ್‌ಸೈಟೂ ತೆರೆಯಲಿಲ್ಲ. ಕೇಬಲ್ ಸರಿ ಇತ್ತು, ನೆಟ್ ಕೂಡ ಇತ್ತು. ಪ್ರಾಕ್ಸಿ ಸರ್ವರಿನಲ್ಲಿ ಡಿಎನ್‌ಎಸ್ ವಿಳಾಸದ ಒಂದು ಅಂಕಿ ತಪ್ಪಾಗಿದೆ ಎಂದು ಲ್ಯಾಬ್ ಸರ್ ಕಂಡುಹಿಡಿದರು. ಪ್ರಾಕ್ಸಿ ಇದ್ದಾಗ ನಮ್ಮ ಬ್ರೌಸರ್ ವೆಬ್‌ಸೈಟಿನ ಹೆಸರನ್ನು ಅದರ ಕೈಗೆ ಕೊಟ್ಟು ಸುಮ್ಮನಾಗುತ್ತದೆ. ಆ ಹೆಸರಿನ ಅಂಕಿ ವಿಳಾಸ ಏನೆಂದು ಡಿಎನ್‌ಎಸ್‌ನ್ನು ಕೇಳುವುದು ಪ್ರಾಕ್ಸಿಯ ಕೆಲಸ. ಅದಕ್ಕೇ ಒಂದು ಅಂಕಿ ತಪ್ಪಿದರೆ ಇಡೀ ಲ್ಯಾಬ್ ನಿಲ್ಲುತ್ತದೆ. ಈ ವ್ಯವಸ್ಥೆ ಹೇಗೆ ಬಂತು ಎಂದು ಹುಡುಕಿದಾಗ ನನಗೆ ಜಾನ್ ಪೋಸ್ಟೆಲ್ ಸಿಕ್ಕರು.

ಪೋಸ್ಟೆಲ್ 1943ರ ಆಗಸ್ಟ್ 6ರಂದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದರು. ಉದ್ದ ಗಡ್ಡ, ಕಾಲಿಗೆ ಚಪ್ಪಲಿ, ಬೆಟ್ಟ ಹತ್ತುವ ಹುಚ್ಚು. 1969ರಲ್ಲಿ ಅರ್ಪಾನೆಟ್ ಶುರುವಾದಾಗ ಅವರು ಲಾಸ್ ಏಂಜಲೀಸಿನಲ್ಲಿ ವಿದ್ಯಾರ್ಥಿ. ಯಾವ ಸೇವೆಗೆ ಯಾವ ಸಂಖ್ಯೆ ಎಂದು ಯಾರಾದರೂ ಬರೆದಿಡಬೇಕಿತ್ತು. ಆ ಕೆಲಸವನ್ನು ಅವರು ತಾವಾಗಿಯೇ ವಹಿಸಿಕೊಂಡರು. ಇದನ್ನು ಓದುವಾಗ ನನಗೆ ಅಂಗಡಿಯಲ್ಲಿ ಅಬ್ಬಾ ಬರೆಯುವ ಖಾತೆ ಪುಸ್ತಕ ನೆನಪಾಯಿತು. ಪ್ರಾಕ್ಸಿಯು ಡಿಎನ್‌ಎಸ್‌ನ್ನು ಕೇಳುವ ಪೋರ್ಟ್ 53 ಕೂಡ ಪೋಸ್ಟೆಲ್ ಪಟ್ಟಿಯದೇ. ನೆಟ್‌ವರ್ಕಿನ ನಿಯಮಗಳು ಪ್ರಕಟವಾಗುವ ಆರ್‌ಎಫ್‌ಸಿ ಸರಣಿಗೂ ಸುಮಾರು ಮೂವತ್ತು ವರ್ಷ ಅವರೇ ಸಂಪಾದಕರು.

ಮೊದಲು ಎಲ್ಲ ಕಂಪ್ಯೂಟರ್‌ಗಳ ಹೆಸರೂ ಒಂದೇ ಫೈಲಿನಲ್ಲಿದ್ದವು. ಎಲ್ಲರೂ ಅದನ್ನೇ ನಕಲು ಮಾಡಿಕೊಳ್ಳಬೇಕಿತ್ತು. ಕಂಪ್ಯೂಟರ್‌ಗಳು ಹೆಚ್ಚಾದಂತೆ ಅದು ಸಾಲದಾಯಿತು. ಪೋಸ್ಟೆಲ್ ಈ ಸಮಸ್ಯೆಯನ್ನು ಸಹೋದ್ಯೋಗಿ ಪಾಲ್ ಮೊಕಪೆಟ್ರಿಸ್‌ಗೆ ಒಪ್ಪಿಸಿದರು. 1983ರಲ್ಲಿ ಡಿಎನ್‌ಎಸ್ ಹುಟ್ಟಿತು. ದೇಶಗಳಿಗೆ ಎರಡಕ್ಷರದ ಹೆಸರು ಕೊಡುವಾಗ ಪೋಸ್ಟೆಲ್ ಆಗಲೇ ಇದ್ದ ಅಂತರರಾಷ್ಟ್ರೀಯ ಪಟ್ಟಿಯೊಂದನ್ನು ಹಿಡಿದರು. ಯಾವುದು ದೇಶ, ಯಾವುದು ಅಲ್ಲ ಎಂದು ತೀರ್ಮಾನಿಸುವುದು ತಮ್ಮ ಕೆಲಸವಲ್ಲ ಎಂಬುದು ಅವರ ನಿಲುವು. ಇದು ನನಗೆ ತುಂಬಾ ಹಿಡಿಸಿತು.

ಆಮೇಲೆ ಹಣ ಬಂತು. 1995ರಿಂದ ಒಂದು ಡಾಟ್ ಕಾಮ್ ಹೆಸರಿಗೆ ಎರಡು ವರ್ಷಕ್ಕೆ 100 ಡಾಲರ್. ನಾವು ಕಾಮರ್ಸ್‌ನವರು, ಇದು ಎಷ್ಟು ದೊಡ್ಡ ವ್ಯಾಪಾರ ಎಂದು ಲೆಕ್ಕ ಹಾಕಬಲ್ಲೆವು. ಹೆಸರುಗಳ ಅಧಿಕಾರ ಯಾರದು ಎಂಬ ಜಗಳ ಶುರುವಾಯಿತು. 1998ರ ಜನವರಿ 28ರಂದು ಪೋಸ್ಟೆಲ್ ಎಂಟು ರೂಟ್ ಸರ್ವರ್‌ಗಳನ್ನು ನೋಡಿಕೊಳ್ಳುತ್ತಿದ್ದವರಿಗೆ ಇಮೇಲ್ ಕಳಿಸಿ, ಇನ್ನು ಮುಂದೆ ತಮ್ಮ ಕಡೆಯ ಕಂಪ್ಯೂಟರಿನಿಂದ ಪಟ್ಟಿ ತೆಗೆದುಕೊಳ್ಳಲು ಕೇಳಿದರು. ಅವರೆಲ್ಲ ಹಾಗೆಯೇ ಮಾಡಿದರು! ಸರ್ಕಾರಿ ಹುದ್ದೆಯಾಗಲಿ ಅಧಿಕಾರಪತ್ರವಾಗಲಿ ಅಲ್ಲ, ಅವರ ಮೇಲಿನ ನಂಬಿಕೆಯೇ ಸಾಕಾಯಿತು. ವಾಷಿಂಗ್ಟನ್ ಸಿಟ್ಟಾಯಿತು. ಕೆಲವೇ ದಿನಗಳಲ್ಲಿ ಎಲ್ಲವೂ ಮೊದಲಿನಂತಾಯಿತು. ಅದು ಬರೀ ಪರೀಕ್ಷೆ ಎಂದು ಪೋಸ್ಟೆಲ್ ಹೇಳಿದರು. ನನಗಂತೂ ಅಷ್ಟೇ ಅನಿಸುವುದಿಲ್ಲ.

ಅದೇ ವರ್ಷ ಹೆಸರುಗಳನ್ನು ನೋಡಿಕೊಳ್ಳಲು ಐಕ್ಯಾನ್ ಸಂಸ್ಥೆ ಹುಟ್ಟಿತು. ಕೆಲವು ವಾರಗಳಲ್ಲೇ, ಅಕ್ಟೋಬರ್ 16ರಂದು, ಹೃದಯದ ಶಸ್ತ್ರಚಿಕಿತ್ಸೆಯ ನಂತರ ಪೋಸ್ಟೆಲ್ ತೀರಿಕೊಂಡರು. ಆಗ ಅವರಿಗೆ 55 ವರ್ಷ. ಅವರ ಹಳೆಯ ಸಂಗಾತಿ ವಿಂಟ್ ಸರ್ಫ್ ಬರೆದ ಶ್ರದ್ಧಾಂಜಲಿ ಅವರೇ ಸಂಪಾದಿಸುತ್ತಿದ್ದ ಆರ್‌ಎಫ್‌ಸಿ ಸರಣಿಯಲ್ಲಿ ಬಂತು. ಅದರ ಸಂಖ್ಯೆ 2468.