ಅಡಿಗೆಮನೆಯ ಸೋದರ ಲಾರೆನ್ಸ್

ಸಾಧುಸಂತರ ಚರಿತ್ರೆಯೆಂದರೆ ಪವಾಡ, ಉಪವಾಸ, ಗುಹಾವಾಸಗಳ ವರ್ಣನೆಯೇ ಆಗಿರಬೇಕೆಂದು ನಮ್ಮಲ್ಲಿ ಹಲವರ ಭಾವನೆ. ಹದಿನೇಳನೆಯ ಶತಮಾನದ ಫ್ರಾನ್ಸಿನಲ್ಲಿ ಬಾಳಿದ ಸೋದರ ಲಾರೆನ್ಸನ ಚರಿತ್ರೆಯಲ್ಲಿ ಇವೊಂದೂ ಸಿಕ್ಕುವುದಿಲ್ಲ. ಬಾಣಲೆ, ದುರಸ್ತಿಗೆ ಬಂದ ಪಾದರಕ್ಷೆ, ದ್ರಾಕ್ಷಾಮದ್ಯದ ಪೀಪಾಯಿ, ಇವೇ ಆತನ ಬಾಳಿನ ಸಾಮಗ್ರಿಗಳು. ಆದರೂ ಕ್ರೈಸ್ತ ಜಗತ್ತಿನಲ್ಲಿ ಪಂಥಭೇದವಿಲ್ಲದೆ ಜನರು ಆತನನ್ನು ಇಂದಿಗೂ ಓದುತ್ತಾರೆ.

ಆತನ ಹುಟ್ಟುಹೆಸರು ನಿಕೊಲಾ ಹೆರ್ಮಾನ್. ಲೊರೇನ್ ಪ್ರಾಂತದ ಎರಿಮೆನಿಲ್ ಎಂಬ ಹಳ್ಳಿಯಲ್ಲಿ ಸುಮಾರು ೧೬೧೪ರಲ್ಲಿ ಬಡ ಕುಟುಂಬವೊಂದರಲ್ಲಿ ಜನಿಸಿದನು. ಹದಿನೆಂಟನೆಯ ವಯಸ್ಸಿನಲ್ಲಿ ಒಂದು ಚಳಿಗಾಲದ ದಿನ, ಎಲೆಯುದುರಿ ಬೋಳಾಗಿ ನಿಂತಿದ್ದ ಮರವೊಂದು ಆತನ ಕಣ್ಣಿಗೆ ಬಿದ್ದಿತು. ಕೆಲವೇ ದಿನಗಳಲ್ಲಿ ಇದೇ ಮರವು ಚಿಗುರುವುದು, ಹೂಬಿಡುವುದು, ಹಣ್ಣು ಕೊಡುವುದು ಎಂಬ ಯೋಚನೆಯೊಡನೆ ದೇವರ ಶಕ್ತಿಯ ಅರಿವು ಆತನಲ್ಲಿ ಬೇರೂರಿತು. ಬೋಳು ಮರಗಳನ್ನು ನಾವೆಲ್ಲರೂ ಪ್ರತಿವರ್ಷ ನೋಡುತ್ತೇವೆ. ನೋಡಿ ಮುಂದೆ ಹೋಗುತ್ತೇವೆ. ಆತನಿಗೆ ಆ ನೋಟವು ಜೀವಮಾನವಿಡೀ ಮರೆಯಲಿಲ್ಲ.

ಹಾಗೆಂದು ಆತನು ಅಂದೇ ಸಂನ್ಯಾಸಿಯಾಗಲಿಲ್ಲ. ಯೂರೋಪಿನಲ್ಲಿ ಆಗ ಮೂವತ್ತು ವರ್ಷಗಳ ಯುದ್ಧವು ನಡೆಯುತ್ತಿದ್ದಿತು. ನಿಕೊಲಾ ಸೈನ್ಯ ಸೇರಿದನು. ಒಮ್ಮೆ ಜರ್ಮನ್ ಪಡೆಯವರು ಆತನನ್ನು ಗೂಢಚಾರನೆಂದು ಹಿಡಿದು ಗಲ್ಲಿಗೇರಿಸುವೆವೆಂದು ಬೆದರಿಸಿ, ಆತನ ನಿರ್ಭಯವನ್ನು ಕಂಡು ಬಿಟ್ಟುಬಿಟ್ಟರು. ೧೬೩೫ರಲ್ಲಿ ರಾಂಬೆರ್ವಿಲೆ ಎಂಬಲ್ಲಿ ಗಾಯಗೊಂಡನು. ಅಂದಿನಿಂದ ಸಾಯುವವರೆಗೂ ಕುಂಟನಾಗಿಯೇ ಉಳಿದನು. ಅನಂತರ ಕೆಲಕಾಲ ಏಕಾಂತವಾಸವನ್ನು ಪ್ರಯತ್ನಿಸಿ ನೋಡಿದನು. ಇಂದು ಸಂತೋಷ, ನಾಳೆ ದುಃಖ, ಮರುದಿನ ಬೇಸರ – ಹೀಗೆ ಮನಸ್ಸು ಎತ್ತೆತ್ತಲೋ ತೂಗಾಡಿದಾಗ, ಇದು ತನಗೆ ಹಿಡಿಸಿದ ದಾರಿಯಲ್ಲವೆಂದು ಬಿಟ್ಟನು. ಪ್ಯಾರಿಸ್ ನಗರದಲ್ಲಿ ಒಬ್ಬ ಖಜಾನೆಯ ಅಧಿಕಾರಿಯ ಮನೆಯಲ್ಲಿ ಸೇವಕನಾದನು. ಅಲ್ಲಿ ಕೈಗೆ ಬಂದ ಸಾಮಾನುಗಳನ್ನೆಲ್ಲ ಒಡೆದುಹಾಕುತ್ತಿದ್ದನೆಂದು ತಾನೇ ಮುಂದೆ ಹೇಳಿಕೊಂಡಿದ್ದಾನೆ.

೧೬೪೦ರಲ್ಲಿ ಆತನು ಪ್ಯಾರಿಸಿನ ವೋಜಿರಾರ್ ಬೀದಿಯಲ್ಲಿದ್ದ ಬರಿಗಾಲಿನ ಕಾರ್ಮೆಲೈಟ್ ಸಂನ್ಯಾಸಿಗಳ ಮಠವನ್ನು ಸೇರಿ, ೧೬೪೨ರಲ್ಲಿ ವ್ರತ ಸ್ವೀಕರಿಸಿದನು. ಪಾದ್ರಿಯಾಗಲು ಬೇಕಾದ ವಿದ್ಯೆ ಇರಲಿಲ್ಲವಾದುದರಿಂದ, ಮಠದ ದೈಹಿಕ ಕೆಲಸಗಳನ್ನು ಮಾಡುವ ಸೋದರರ ವರ್ಗಕ್ಕೆ ಸೇರಿದನು. ತನ್ನ ಒರಟುತನಕ್ಕೂ ತಪ್ಪುಗಳಿಗೂ ಇಲ್ಲಿ ತಕ್ಕ ಶಿಕ್ಷೆಯಾಗುವುದು, ಚರ್ಮ ಸುಲಿಯುವುದು ಎಂದು ಎದುರುನೋಡಿಯೇ ಒಳಹೊಕ್ಕಿದ್ದನಂತೆ. ಹಾಗಾಗದೆ ತೃಪ್ತಿಯೇ ದೊರೆತುದರಿಂದ, ದೇವರು ತನ್ನನ್ನು ಮೋಸಗೊಳಿಸಿದನೆಂದು ತಮಾಷೆಯಾಗಿ ಹೇಳುತ್ತಿದ್ದನು.

ಮಠವು ಆತನಿಗೆ ಕೊಟ್ಟ ಕೆಲಸವು ಅಡಿಗೆ. ಇಲ್ಲಿ ಒಂದು ಮಾತನ್ನು ನಾವು ಮರೆಯಬಾರದು: ಅಡಿಗೆಮನೆಯೆಂದರೆ ಆತನಿಗೆ ಸ್ವಭಾವತಃ ಆಗದು. ಇಷ್ಟವಾದ ಕೆಲಸದಲ್ಲಿ ದೇವರನ್ನು ಕಂಡವರು ಬೇಕಾದಷ್ಟು ಜನ. ಈತನಾದರೋ ಇಷ್ಟವಿಲ್ಲದ ಕೆಲಸದಲ್ಲಿ ಹದಿನೈದು ವರ್ಷ ನಿಂತನು. ಕೆಲಸಕ್ಕೆ ಮೊದಲು ದೇವರ ಸಹಾಯವನ್ನು ಬೇಡುವುದು, ಕೆಲಸದ ನಡುವೆ ಆತನೊಡನೆ ಸ್ನೇಹಿತನೊಡನೆಂಬಂತೆ ಮಾತನಾಡುವುದು, ಮುಗಿದ ಮೇಲೆ ಸರಿಯಾಗಿದ್ದರೆ ವಂದಿಸುವುದು, ತಪ್ಪಿದ್ದರೆ ಕ್ಷಮೆ ಕೇಳಿ, ಅದನ್ನೇ ಕೊರಗುತ್ತ ಕೂರದೆ, ಮತ್ತೆ ಕೆಲಸಕ್ಕೆ ತೊಡಗುವುದು: ಇಷ್ಟೇ ಆತನ ಸಾಧನೆ. ಬಾಣಲೆಯಲ್ಲಿ ಮೊಟ್ಟೆಯ ದೋಸೆಯನ್ನು ಮಗುಚುವಾಗಲೂ, ನೆಲದ ಮೇಲಿನ ಒಂದು ಹುಲ್ಲುಕಡ್ಡಿಯನ್ನು ಎತ್ತುವಾಗಲೂ ಅದು ದೇವರ ಮೇಲಣ ಪ್ರೀತಿಗಾಗಿಯೇ ಆಗಬೇಕು. ಮಠದ ನಿಯಮದಂತೆ ಪ್ರಾರ್ಥನೆಗೆ ಕೂರುತ್ತಿದ್ದನು ನಿಜ. ಆದರೆ ಆ ಗಳಿಗೆಗೂ ಪಾತ್ರೆಗಳ ಸದ್ದಿನ ನಡುವಣ ಗಳಿಗೆಗೂ ತನಗೆ ಭೇದವೇ ಉಳಿದಿಲ್ಲವೆಂದನು. ಕ್ರಮಬದ್ಧವಾದ ಧ್ಯಾನವು ಆತನಿಗೆ ಎಂದೂ ಒಗ್ಗಲಿಲ್ಲ.

ಇದು ಸುಲಭವಾಗಿ ಬಂದ ಸಿದ್ಧಿಯಲ್ಲ. ಮಠದಲ್ಲಿನ ಮೊದಲ ಹತ್ತು ವರ್ಷಗಳನ್ನು ಆತನು ತೀವ್ರ ಸಂಕಟದಲ್ಲಿ ಕಳೆದನು. ಹಳೆಯ ಪಾಪಗಳ ನೆನಪು ಕಾಡುತ್ತಿದ್ದಿತು. ತಾನು ನರಕಕ್ಕೇ ಹೋಗುವವನೆಂಬ ನಂಬಿಕೆಯಂತೂ ಕೆಲವು ವರ್ಷ ಬಿಡದೆ ಹಿಡಿದಿದ್ದಿತು. ತರ್ಕವೂ ದೇವರೂ ತನಗೆ ಎದುರಾಗಿ ನಿಂತು, ಶ್ರದ್ಧೆಯೊಂದೇ ತನ್ನ ಪರವಾಗಿದ್ದಂತೆ ಅನಿಸಿತಂತೆ. ಕಡೆಗೊಮ್ಮೆ, ಬಾಳೆಲ್ಲ ಹೀಗೆಯೇ ಕಳೆದರೂ ಕಳೆಯಲಿ, ಪ್ರೀತಿಯನ್ನಂತೂ ಬಿಡೆನೆಂದು ನಿರ್ಧರಿಸಿದನು. ಹಾಗೆ ನಿರ್ಧರಿಸಿದ ಮೇಲೆಯೇ ಭಾರವು ಇಳಿದು ಶಾಂತಿಯು ಬಂದಿತು. ಆತನ ನೆಮ್ಮದಿಯನ್ನು ಮಂದಬುದ್ಧಿಯವನ ನೆಮ್ಮದಿಯೆಂದು ತಿಳಿಯುವವರು ಈ ಹತ್ತು ವರ್ಷಗಳ ಲೆಕ್ಕವನ್ನು ಬಿಟ್ಟಿರುತ್ತಾರೆ.

ಕಾಲುನೋವು ಹೆಚ್ಚಿದ ಮೇಲೆ ಕುಳಿತು ಮಾಡಬಹುದಾದ ಪಾದರಕ್ಷೆಯ ಕೆಲಸವನ್ನು ಆತನಿಗೆ ವಹಿಸಿದರು. ೧೬೬೬ರಲ್ಲಿ ಬರ್ಗಂಡಿಗೆ ಹೋಗಿ ಮಠಕ್ಕೆ ದ್ರಾಕ್ಷಾಮದ್ಯವನ್ನು ಕೊಂಡುತರುವಂತೆ ಕಳುಹಿಸಿದರು. ವ್ಯಾಪಾರದ ಚಾತುರ್ಯವಿಲ್ಲ, ಕುಂಟುಕಾಲು ಬೇರೆ. ದೋಣಿಯಲ್ಲಿ ಪೀಪಾಯಿಗಳ ಮೇಲೆ ಉರುಳಿಕೊಂಡೇ ಅತ್ತಿಂದಿತ್ತ ಹೋಗಬೇಕಾಗಿದ್ದಿತು. ಅದಕ್ಕೂ ಆತನು ಗೊಣಗಲಿಲ್ಲ. ಇದು ದೇವರ ಕೆಲಸವೆಂದು ಆತನಿಗೇ ಒಪ್ಪಿಸಿ ಹೊರಟನು. ಕೆಲಸವೂ ಚೆನ್ನಾಗಿಯೇ ನಡೆಯಿತು.

ಅದೇ ವರ್ಷ ಬೋಫೋರ್ ಎಂಬ ಪಾದ್ರಿಯೊಬ್ಬರು ಬಂದು ಆತನೊಡನೆ ಸಂಭಾಷಿಸತೊಡಗಿದರು. ಈ ಸಂಭಾಷಣೆಗಳನ್ನೂ ಆತನ ಕೆಲವು ಪತ್ರಗಳನ್ನೂ ಅವರು ಜೋಪಾನ ಮಾಡಿ, ಆತನ ಮರಣಾನಂತರ ೧೬೯೨ ಮತ್ತು ೧೬೯೪ರಲ್ಲಿ ಪ್ರಕಟಿಸಿದರು. ಗ್ರಂಥಕರ್ತನಾಗುವ ಆಸೆ ಲಾರೆನ್ಸನಿಗೆ ಇರಲಿಲ್ಲ. ಬರೆದುದು ಒಳಗಿನ ಅನುಭವಕ್ಕಿಂತ ಬಹಳ ಕೀಳೆಂದು ತೋರಿ, ಹಲವು ಹಾಳೆಗಳನ್ನು ಬರೆದೊಡನೆಯೇ ನಾಶಪಡಿಸಿದ್ದನು.

ಪುಸ್ತಕದ ಭಾಗ್ಯವೂ ವಿಚಿತ್ರ. ಲಾರೆನ್ಸನನ್ನು ಕಂಡು ಮಾತನಾಡಿದ್ದ ಫೆನೆಲೋನ್ ಎಂಬ ಧರ್ಮಾಧ್ಯಕ್ಷರು ಆಗಿನ ನಿಶ್ಚಲತಾವಾದದ ವಿವಾದದಲ್ಲಿ ಸಿಕ್ಕಿಕೊಂಡರು. ಆತ್ಮವು ತಾನೇನೂ ಮಾಡದೆ ದೇವರಲ್ಲಿ ಸುಮ್ಮನಿದ್ದರೆ ಸಾಕೆಂಬ ವಾದವದು. ೧೬೯೯ರಲ್ಲಿ ಪೋಪರು ಫೆನೆಲೋನರ ಗ್ರಂಥದ ಹಲವು ವಾಕ್ಯಗಳನ್ನು ಖಂಡಿಸಿದರು. ಆ ನೆರಳು ಅಡಿಗೆಯ ಸೋದರನ ಮೇಲೂ ಬಿದ್ದು, ಸ್ವದೇಶದ ಕ್ಯಾಥೊಲಿಕರಲ್ಲಿಯೇ ಆತನು ಮರೆಯಾದನು. ದಿನವಿಡೀ ಒಲೆಯ ಮುಂದೆ ದುಡಿದವನಿಗೆ ನಿಷ್ಕ್ರಿಯತೆಯ ಶಂಕೆ ತಗಲಿದುದು ವಿಪರ್ಯಾಸವೇ ಸರಿ. ಆತನನ್ನು ಕಾಪಾಡಿದವರು ಪ್ರಾಟೆಸ್ಟಂಟರು. ಇಂಗ್ಲೆಂಡಿನಲ್ಲಿ ಜಾನ್ ವೆಸ್ಲಿಯು ತನ್ನ ಅನುಯಾಯಿಗಳಿಗಾಗಿ ಸಂಗ್ರಹಿಸಿದ ಗ್ರಂಥಮಾಲೆಯಲ್ಲಿ ಆತನಿಗೂ ಸ್ಥಾನ ಕೊಟ್ಟನು.

೧೬೯೧ರ ಫೆಬ್ರವರಿ ೧೨ರಂದು ಲಾರೆನ್ಸ್ ತೀರಿಕೊಂಡನು. ಅದಕ್ಕೆ ಆರು ದಿನ ಮೊದಲು ಬರೆದ ಪತ್ರದಲ್ಲಿ, ಇನ್ನು ಕೆಲವೇ ದಿನಗಳಲ್ಲಿ ದೇವರ ದರ್ಶನವಾಗಬಹುದೆಂದು ಊರಿಗೆ ಹೊರಟು ನಿಂತವನಂತೆ ಸಹಜವಾಗಿ ತಿಳಿಸಿದ್ದಾನೆ.