ದೊಡ್ಡಸ್ವಾಮಿಯವರಿಗೆ ನಮ್ಮ ಋಣ

ದೇವಾಲಯದ ಶತಮಾನೋತ್ಸವವು ದೇವರಿಗೆ ವಂದನೆ ಸಲ್ಲಿಸುವ ಪರ್ವಕಾಲ. ಯಾವುದಕ್ಕಾಗಿ ಈ ವಂದನೆ ಎಂದು ಕೇಳಿಕೊಂಡರೆ ನಮ್ಮ ಮನಸ್ಸು ಗೋಪುರ, ಪೀಠ, ಗಂಟೆ, ಉತ್ಸವ ಮುಂತಾದ ದೊಡ್ಡ ಸಂಗತಿಗಳ ಕಡೆಗೇ ಓಡುತ್ತದೆ. ಮೈಯ ಆರೋಗ್ಯ, ಮಕ್ಕಳ ನಗು, ಎರಡು ಹೊತ್ತಿನ ಊಟ, ಭಾನುವಾರದ ಬಲಿಪೂಜೆ, ಇವೆಲ್ಲ ದಿನದಿನವೂ ದೊರೆಯುವುದರಿಂದಲೇ ನಮ್ಮ ಲೆಕ್ಕಕ್ಕೆ ಬಾರದೆ ಹೋಗುತ್ತವೆ. ಇಂತಹ ದಿನನಿತ್ಯದ ವರಗಳನ್ನು ದೇವರು ಒಬ್ಬ ಗುರುವಿನ ಕೈಯಿಂದ ಮೈಸೂರು ಸೀಮೆಗೆ ಹೇಗೆ ತಲುಪಿಸಿದರೆಂಬುದನ್ನು ಅಬ್ಬೆ ದುಬ್ವಾ ಅವರ ಜೀವನಚರಿತ್ರೆಯಲ್ಲಿ ಕಾಣುತ್ತೇವೆ.

ಜೀನ್ ಆಂತ್ವಾನ್ ದುಬ್ವಾ ಅವರು ದಕ್ಷಿಣ ಫ್ರಾನ್ಸಿನ ವಿವಿಯೇ ಧರ್ಮಪ್ರಾಂತ್ಯದವರು. ಮಹಾಕ್ರಾಂತಿಯಿಂದ ಆ ದೇಶ ತಲ್ಲಣಿಸುತ್ತಿದ್ದ 1792ರಲ್ಲಿ ಅವರು ಗುರುದೀಕ್ಷೆ ಪಡೆದು, ಅದೇ ವರ್ಷ ಪ್ಯಾರಿಸಿನ ವಿದೇಶೀ ಮಿಷನ್ ಸಂಸ್ಥೆಯ ಗುರುವಾಗಿ ಭಾರತಕ್ಕೆ ಹೊರಟರು. ಮೊದಲು ಪಾಂಡಿಚೇರಿ ಮಿಷನ್ನಿಗೆ ಸೇರಿ ತಮಿಳು ಸೀಮೆಯಲ್ಲಿ ಸೇವೆ ಸಲ್ಲಿಸಿದರು. ಐರೋಪ್ಯರ ಸಹವಾಸವನ್ನು ಬಿಟ್ಟು, ಈ ನಾಡಿನ ಉಡುಪನ್ನೇ ತೊಟ್ಟು, ಜನರ ನಡುವೆ ಅವರಂತೆಯೇ ಬಾಳುವ ವ್ರತವನ್ನು ಕೈಗೊಂಡರು. ಮುಂದೆ ನಮ್ಮ ಸೀಮೆಯ ಕ್ರೈಸ್ತರು ಅವರನ್ನು ದೊಡ್ಡಸ್ವಾಮಿಯವರು ಎಂದು ಪ್ರೀತಿಯಿಂದ ಕರೆದರು.

1799ರಲ್ಲಿ ಶ್ರೀರಂಗಪಟ್ಟಣದ ಪತನವಾದ ಮೇಲೆ ಅವರು ಮೈಸೂರು ಸೀಮೆಗೆ ಬಂದರು. ಇಲ್ಲಿ ಸುವಾರ್ತೆಯ ಬೀಜವನ್ನು 1649ರಿಂದಲೇ ಯೇಸುಸಭೆಯ ಗುರುಗಳು ಬಿತ್ತಿದ್ದರು. ಆದರೆ 1773ರಲ್ಲಿ ಆ ಸಭೆಯೇ ರದ್ದಾಯಿತು. 1784ರಲ್ಲಿ ಕೆನರಾ ಕರಾವಳಿಯ ಸಾವಿರಾರು ಕಥೋಲಿಕರು ಸೆರೆಯಾಳುಗಳಾಗಿ ಶ್ರೀರಂಗಪಟ್ಟಣಕ್ಕೆ ಬಂದರು. ಟಿಪ್ಪು ಸುಲ್ತಾನನ ಆಳ್ವಿಕೆಯಲ್ಲಿ ಅನೇಕರು ಬಲವಂತದಿಂದ ವಿಶ್ವಾಸವನ್ನು ತೊರೆದಿದ್ದರು. ಹೀಗೆ ಚದುರಿಹೋದ ಮಂದೆಯನ್ನು ದುಬ್ವಾ ಸ್ವಾಮಿಗಳು ಮತ್ತೆ ಕೂಡಿಸಿದರು. ಮರಳಿ ಬಂದವರನ್ನು ಧರ್ಮಸಭೆಗೆ ಸೇರಿಸಿಕೊಂಡರು. ಗಂಜಾಂ ಬಳಿ ಅವರ ಹೆಸರಿನಿಂದಲೇ ಗುರುತಿಸಲ್ಪಡುವ ದೇವಾಲಯವು ಆ ದಿನಗಳನ್ನು ಇಂದಿಗೂ ನೆನಪಿಗೆ ತರುತ್ತದೆ.

ಹಸಿದ ಹೊಟ್ಟೆಗೆ ಉಪದೇಶವೊಂದೇ ಸಾಲದೆಂಬುದು ಅವರಿಗೆ ತಿಳಿದಿತ್ತು. ನೆಲೆ ಕಳೆದುಕೊಂಡ ಬಡ ಕುಟುಂಬಗಳಿಗಾಗಿ ಅವರು ಬೇಸಾಯದ ವಸಾಹತುಗಳನ್ನು ಸ್ಥಾಪಿಸಿದರು. ಅವುಗಳಲ್ಲಿ ಹಾಸನದ ಸಮೀಪದ ಸಾತಹಳ್ಳಿ ಮುಖ್ಯವಾದುದು. ನಮ್ಮ ಅನುದಿನದ ಆಹಾರವನ್ನು ದಯಪಾಲಿಸಬೇಕೆಂದು ದೇವರನ್ನು ಬೇಡುವ ಜನರಿಗೆ ಉಳಲು ನೆಲವೂ ದೊರೆಯಬೇಕಲ್ಲವೆ?

ಆ ಕಾಲದಲ್ಲಿ ಸಿಡುಬು ಮನೆಮನೆಯ ಭಯವಾಗಿತ್ತು. ಬದುಕಿ ಉಳಿದವರಲ್ಲಿಯೂ ಎಷ್ಟೋ ಮಂದಿ ಕಣ್ಣು ಕಳೆದುಕೊಳ್ಳುತ್ತಿದ್ದರು. 1796ರಲ್ಲಿ ಇಂಗ್ಲೆಂಡಿನ ವೈದ್ಯ ಎಡ್ವರ್ಡ್ ಜೆನ್ನರ್ ಕಂಡುಹಿಡಿದ ದೇವಿ ಹಾಕುವ ಕ್ರಮವು 1802ರಲ್ಲಿ ಮುಂಬಯಿಯನ್ನು ಮುಟ್ಟಿತು. ಅದನ್ನು ಮೈಸೂರು ಸೀಮೆಯಲ್ಲಿ ಹರಡಲು ದುಬ್ವಾ ಸ್ವಾಮಿಗಳು ಹಳ್ಳಿಹಳ್ಳಿಗಳಲ್ಲಿ ಶ್ರಮಿಸಿದರು. ಲಸಿಕೆಯನ್ನು ಬಹಳ ದಿನ ಕೆಡದಂತೆ ಕೂಡಿಡುವ ಸೌಕರ್ಯ ಆಗ ಇರಲಿಲ್ಲ. ಒಂದು ಮಗುವಿನ ತೋಳಿನಲ್ಲಿ ಎದ್ದ ಗುಳ್ಳೆಯಿಂದ ಸುಮಾರು ಎಂಟನೆಯ ದಿನ ದ್ರವವನ್ನು ತೆಗೆದು ಮತ್ತೊಂದು ಮಗುವಿನ ತೋಳಿಗೆ ಸೇರಿಸಬೇಕಾಗಿತ್ತು. ರಕ್ಷಣೆ ಪಡೆದ ಮಗುವೇ ಇನ್ನೊಂದು ಮಗುವಿಗೆ ರಕ್ಷಣೆಯನ್ನು ಕೊಡುತ್ತಿತ್ತು. ಯಾವುದೇ ಒಂದು ತಾಯಿ ಒಪ್ಪದಿದ್ದರೂ ಸರಪಳಿ ಅಲ್ಲಿಗೆ ಕಡಿಯುವ ಅಪಾಯವಿತ್ತು. ಅಂಜುವ ತಾಯಂದಿರ ಮನವೊಲಿಸಲು ವೈದ್ಯನ ವಿದ್ಯೆಗಿಂತ ಜನ ನಂಬುವ ಒಬ್ಬ ಮನುಷ್ಯ ಬೇಕಾಗಿತ್ತು. 1803-04ರಲ್ಲಿ 25,000ಕ್ಕೂ ಹೆಚ್ಚು ಮಂದಿಗೆ ದೇವಿ ಹಾಕಿದುದು ದಾಖಲೆಯಾಗಿದೆ.

ಹೊರಲೋಕಕ್ಕೆ ಅವರ ಹೆಸರು ತಿಳಿದುದು ಭಾರತೀಯರ ಆಚಾರ ವಿಚಾರಗಳನ್ನು ಕುರಿತ ಗ್ರಂಥದಿಂದ. ಅದರ ಹಸ್ತಪ್ರತಿಯನ್ನು 1807ರಲ್ಲಿ ಈಸ್ಟ್ ಇಂಡಿಯಾ ಕಂಪನಿ 2,000 ವರಹಗಳಿಗೆ ಕೊಂಡುಕೊಂಡಿತು. ಇಂಗ್ಲಿಷ್ ಅನುವಾದವು 1816ರಲ್ಲಿ ಹೊರಬಂದಿತು. ಅದರ ಬಹುಭಾಗ ಹಿಂದಿನ ಯೇಸುಸಭೆಯ ಗುರು ಕೇರ್ದೂ ಅವರ ಬರಹವನ್ನು ಆಧರಿಸಿದೆಯೆಂದು ಈಚಿನ ವಿದ್ವಾಂಸರು ತೋರಿಸಿಕೊಟ್ಟಿದ್ದಾರೆ. ಗ್ರಂಥದ ಕೀರ್ತಿಯನ್ನು ಹಂಚಿಕೊಳ್ಳಬೇಕಾದರೂ ಸಾತಹಳ್ಳಿಯ ಹೊಲಗಳಿಗೂ ಉಳಿದ ಮಕ್ಕಳ ಪ್ರಾಣಗಳಿಗೂ ಸಂಬಂಧಿಸಿದ ನಮ್ಮ ಋಣ ಕಡಿಮೆಯಾಗದು.

ಇಷ್ಟು ದುಡಿದ ಗುರುಗಳ ಮನಸ್ಸು ಕೊನೆಗೆ ಭಾರವಾಗಿತ್ತು. ಮೂವತ್ತು ವರ್ಷಗಳ ಸೇವೆಯ ಬಳಿಕ 1823ರಲ್ಲಿ ಅವರು ಭಾರತವನ್ನು ಬಿಟ್ಟರು. ಅದೇ ವರ್ಷ ಲಂಡನ್ನಿನಲ್ಲಿ ಪ್ರಕಟವಾದ ಅವರ ಪತ್ರಗಳಲ್ಲಿ, ಈ ನೆಲದಲ್ಲಿ ಕ್ರೈಸ್ತ ವಿಶ್ವಾಸ ಬೇರೂರುವ ಆಸೆ ಇಲ್ಲವೆಂಬ ನಿರಾಶೆ ತುಂಬಿದೆ. ತಾವು ಬಿತ್ತಿದುದು ಕಲ್ಲುನೆಲದ ಮೇಲೆ ಬಿದ್ದಿತೆಂದೇ ಅವರು ಬಗೆದಂತೆ ತೋರುತ್ತದೆ. ಪ್ಯಾರಿಸಿನಲ್ಲಿ ತಮ್ಮ ಸಂಸ್ಥೆಯ ನಿರ್ದೇಶಕರಾಗಿ, 1836ರಿಂದ 1839ರವರೆಗೆ ಅದರ ಶ್ರೇಷ್ಠರಾಗಿ ಸೇವೆ ಸಲ್ಲಿಸಿ 1848ರಲ್ಲಿ ದೈವಾಧೀನರಾದರು.

ಅವರು ಜೀವಿಸಿದ್ದಾಗಲೇ, 1843ರಲ್ಲಿ, ಮುಮ್ಮಡಿ ಕೃಷ್ಣರಾಜ ಒಡೆಯರ ಔದಾರ್ಯದಿಂದ ಮೈಸೂರು ನಗರದಲ್ಲಿ ಕಥೋಲಿಕ ದೇವಾಲಯವೊಂದು ಎದ್ದಿತು. ಇಂದಿನ ಸಂತ ಫಿಲೋಮಿನಾ ಮಹಾದೇವಾಲಯ ನಿಂತಿರುವುದು ಆ ಸ್ಥಳದಲ್ಲಿಯೇ. 1886ರಲ್ಲಿ ಮೈಸೂರು ಧರ್ಮಪ್ರಾಂತ್ಯವಾಯಿತು. 1980ರಲ್ಲಿ ಸಿಡುಬು ಇಡೀ ಲೋಕದಿಂದಲೇ ನಿರ್ಮೂಲವಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ಈ ಫಲಗಳನ್ನು ಅವರ ಕಣ್ಣು ಕಾಣಲಿಲ್ಲ, ನಾವು ಉಣ್ಣುತ್ತಿದ್ದೇವೆ.

ಹಿಂದೆ ಹಳ್ಳಿಯಾಗಿದ್ದು ಇಂದು ನಗರದೊಳಗೆ ಬೆರೆತಿರುವ ದಟ್ಟಗಳ್ಳಿಯ ಮನೆಗಳಲ್ಲಿ ಈಗಲೂ ಹಿರಿಯರ ತೋಳಿನ ಮೇಲೆ ದೇವಿ ಹಾಕಿದ ಗುರುತು ಕಾಣುತ್ತದೆ. ಅವರ ಮೊಮ್ಮಕ್ಕಳ ತೋಳಿನಲ್ಲಿ ಅದು ಇಲ್ಲ, ಏಕೆಂದರೆ ಅದರ ಅಗತ್ಯವೇ ಉಳಿದಿಲ್ಲ. ಆ ಗುರುತೂ ದೇವರ ವರ, ಅದು ಇಲ್ಲದಿರುವುದೂ ದೇವರ ವರ. ಗುಣಹೊಂದಿದ ಹತ್ತು ಮಂದಿ ಕುಷ್ಠರೋಗಿಗಳಲ್ಲಿ ಹಿಂದಿರುಗಿ ಬಂದು ಪ್ರಭುವಿಗೆ ವಂದಿಸಿದವನು ಒಬ್ಬನೇ. ಈ ಶತಮಾನೋತ್ಸವದಲ್ಲಿ ನಾವು ಆ ಒಬ್ಬನಂತೆ ಹಿಂದಿರುಗೋಣ. ಪ್ರಿಯ ಭಕ್ತಾದಿಗಳೇ, ಇಂದು ರಾತ್ರಿ ಊಟಕ್ಕೆ ಕುಳಿತಾಗ, ತಟ್ಟೆಯ ಅನ್ನಕ್ಕಾಗಿಯೂ ಪಕ್ಕದಲ್ಲಿ ಕುಳಿತ ಮಗುವಿನ ಆರೋಗ್ಯಕ್ಕಾಗಿಯೂ ದೇವರನ್ನು ಸ್ತುತಿಸೋಣ. ಅಂದಿನ ಮಕ್ಕಳು ತೋಳಿನಿಂದ ತೋಳಿಗೆ ರಕ್ಷಣೆಯನ್ನು ದಾಟಿಸಿದಂತೆ, ನಾವು ಪಡೆದ ವರವನ್ನು ನೆರೆಯವರಿಗೂ ದಾಟಿಸೋಣ. ತನ್ನ ಶ್ರಮ ವ್ಯರ್ಥವಾಯಿತೆಂದು ಕೊರಗಿದ ದೊಡ್ಡಸ್ವಾಮಿಯವರಿಗೆ ನಾವು ಸಲ್ಲಿಸಬಹುದಾದ ಉತ್ತರ ಇದೇ.